ಒಂದೇ ಖೋಲಿಯಲ್ಲಿ ಹದಿಹರೆಯದ ಪ್ರೇಮ

ಕೊರೋನಾ ಕಾಲದ ಹದಿಹರೆಯದ ಪ್ರೇಮವನ್ನು ಕುರಿತ ಕತೆ, ಕಾದಂಬರಿಗಳನ್ನು ನಾನು ಹುಡುಕಿ ಓದುತ್ತೇನೆ. ಇಂಗ್ಲಿಷಿನಲ್ಲಿ ಓದಿದ ಬಹುತೇಕ ಕತೆಗಳಲ್ಲಿ ಹುಡುಗನಿಗೋ ಹುಡುಗಿಗೋ ತನ್ನದೇ ಕೋಣೆಯಿರುತ್ತದೆ, ಬಾಗಿಲಿಗೆ ಚಿಲಕವಿರುತ್ತದೆ, ಒಳಗಿನ ಒಂಟಿತನವೇ ಕತೆಯನ್ನು ನಡೆಸುತ್ತದೆ. ಅವು ಒಳ್ಳೆಯ ಕತೆಗಳೇ. ಆದರೆ ಮುಂಬೈಯಲ್ಲಿ ರಜಾದಿನಗಳಂದು ನಾನು ಕನ್ನಡ ಕಲಿಸುವ ಮಕ್ಕಳ ಪಾಡು ಅದಕ್ಕೆ ತದ್ವಿರುದ್ಧವಾಗಿತ್ತು. ಸಾಲುಕೋಣೆಗಳ ಚಾಳಿನ ಒಂದೇ ಖೋಲಿಯಲ್ಲಿ ಅಪ್ಪ, ಅಮ್ಮ, ಅಜ್ಜಿ, ತಮ್ಮ, ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿದ್ದರಿಂದ ಬಂದು ಸೇರಿಕೊಂಡ ಚಿಕ್ಕಪ್ಪ, ಇಷ್ಟು ಜನರ ನಡುವೆ ಹದಿನಾರರ ಜೀವಕ್ಕಿದ್ದದ್ದು ಒಂದು ಗಳಿಗೆಯೂ ಒಬ್ಬರೇ ಇರಲಾಗದ ಕಷ್ಟ.

ಫೋನಿನ ವಿಷಯವನ್ನೇ ನೋಡಿ. ಅನೇಕ ಮನೆಗಳಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್, ಅದೂ ಅಪ್ಪನದು. ಬೆಳಿಗ್ಗೆ ತಮ್ಮನ ಆನ್‌ಲೈನ್ ಕ್ಲಾಸು, ಮಧ್ಯಾಹ್ನ ಅಕ್ಕನದು, ಸಂಜೆ ಊರಿನಿಂದ ಬರುವ ಕರೆಗಳು. ಈ ನಡುವೆ ಬಂದ ಮೆಸೇಜನ್ನು ಓದಿ, ಉತ್ತರಿಸಿ, ಎರಡನ್ನೂ ಅಳಿಸಿ, ಫೋನನ್ನು ಚಾರ್ಜಿಗೆ ಹಾಕಿ, ಏನೂ ಆಗಿಲ್ಲವೆಂಬಂತೆ ಊಟಕ್ಕೆ ಕೂರಬೇಕು. ನಳದಲ್ಲಿ ನೀರು ಬರುವ ಹೊತ್ತಿಗೆ ಎಲ್ಲರಿಗಿಂತ ಮೊದಲೇ ಎದ್ದು ಕೊಡ ಹಿಡಿದು ಹೊರಡುವ ಹುಡುಗಿ ಆ ಕೆಲಸವನ್ನು ತಾನಾಗಿಯೇ ಒಪ್ಪಿಕೊಂಡದ್ದು ಏಕೆಂಬುದನ್ನು ಬರೆದರೂ ಸಾಕು, ಒಂದು ಅಧ್ಯಾಯವಾಗುತ್ತದೆ.

ಆ ವರ್ಷದ ದಿನಾಂಕಗಳೂ ಕತೆಗಾರರಿಗೆ ಒದಗಿಬರುವಂಥವು. ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯ ಭೂಗೋಳದ ಪತ್ರಿಕೆ 2020ರ ಮಾರ್ಚ್ 23ರಂದು ನಡೆಯಬೇಕಿತ್ತು; ಮೊದಲು ಮುಂದೂಡಿದರು, ಏಪ್ರಿಲ್‌ನಲ್ಲಿ ರದ್ದೇ ಮಾಡಿದರು. ಸೋಮವಾರ ಪೇಪರ್ ಮುಗಿದ ಮೇಲೆ ಹೇಳೋಣವೆಂದು ಮಾತೊಂದನ್ನು ಮನಸ್ಸಿನಲ್ಲೇ ಉಳಿಸಿಕೊಂಡು ಮನೆಗೆ ಹೋದವರು ಎಷ್ಟು ಮಂದಿಯೋ! ಅದೇ ಹೊತ್ತಿಗೆ ಲೋಕಲ್ ರೈಲೂ ನಿಂತಿತು. ಜೂನ್‌ನಲ್ಲಿ ಅಗತ್ಯ ಸೇವೆಯವರಿಗೆ, ಅಕ್ಟೋಬರ್‌ನಲ್ಲಿ ಹೆಂಗಸರಿಗೆ ಅವಕಾಶ ಸಿಕ್ಕಿತಾದರೂ ಎಲ್ಲರೂ ಹತ್ತಲು 2021ರ ಫೆಬ್ರವರಿ 1ರವರೆಗೆ ಕಾಯಬೇಕಾಯಿತು, ಅದೂ ನಿಗದಿತ ವೇಳೆಯಲ್ಲಿ ಮಾತ್ರ. ಘಾಟ್ಕೋಪರಿನ ಹುಡುಗನಿಗೆ ಡೊಂಬಿವಲಿ ಪರದೇಶವಾಯಿತು.

ಇನ್ನು ಊರಿಗೆ ಹೊರಟವರ ಕತೆಯನ್ನು ಕನ್ನಡದಲ್ಲಲ್ಲದೆ ಬೇರೆ ಯಾವ ಭಾಷೆಯಲ್ಲಿ ಬರೆದಾರು? 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪಾಸು ಪಡೆದು ಉಡುಪಿ, ದಕ್ಷಿಣ ಕನ್ನಡಗಳತ್ತ ಹೊರಟ ಎಷ್ಟೋ ಕುಟುಂಬಗಳು ಅಲ್ಲಿನ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದವು. ತಿಂಗಳ ಮಧ್ಯದಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಸರ್ಕಾರ ತಿಂಗಳ ಕೊನೆಯವರೆಗೆ ಪ್ರವೇಶವನ್ನೇ ತಡೆಹಿಡಿಯಿತು. ಬೇಸಗೆ ರಜೆಯಲ್ಲಿ, ದೈವಗಳ ನೇಮ, ಪೂಜೆಗಳಿಗೆ ಬಂದಾಗಲೆಲ್ಲ ‘ಬೊಂಬಾಯಿಯವರು ಬಂದರು’ ಎಂದು ಸಂಭ್ರಮಿಸುತ್ತಿದ್ದ ಊರು ಆ ವರ್ಷ ಅದೇ ಮಾತನ್ನು ಹೆದರಿಕೆಯಿಂದ ಆಡಿತು. ಅಜ್ಜನ ಊರಿನ ಶಾಲೆಯಲ್ಲಿ ಬೆಂಚುಗಳನ್ನು ಜೋಡಿಸಿ ಮಲಗಿದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಊಟದ ಪೊಟ್ಟಣವನ್ನು ದೂರದಲ್ಲಿಟ್ಟು ಹೋಗುವವರು ಅವನ ನೆಂಟರೇ. ಊರು ಸೇರಿದೆವೆಂದು ಅಮ್ಮ ನೆಮ್ಮದಿಯಿಂದ ಅಳುತ್ತಿರುವಾಗ ಅವನ ಮನಸ್ಸು ಮುಂಬೈಯ ಒಂದು ಖೋಲಿಯಲ್ಲಿ ಉಳಿದುಬಿಟ್ಟಿದೆ. ಅದನ್ನು ಅಮ್ಮನಿಗೆ ಹೇಳುವಂತಿಲ್ಲ, ನೆಟ್‌ವರ್ಕ್ ಸಿಗುವ ಗುಡ್ಡಕ್ಕೆ ಹೋಗುವಂತೆಯೂ ಇಲ್ಲ. ಇಂಥ ಹುಡುಗನ ಕಾದಂಬರಿಗಾಗಿ ನಾನು ಕಾಯುತ್ತಿದ್ದೇನೆ.

ಆ ಮಕ್ಕಳು ಅದನ್ನೆಲ್ಲ ಹೇಗೆ ಸಹಿಸಿಕೊಂಡರು ಎಂಬುದಕ್ಕೆ ದೊಡ್ಡ ಮಾತುಗಳಲ್ಲಿ ಉತ್ತರ ಸಿಗುವುದಿಲ್ಲ. 2021ರ ಏಪ್ರಿಲ್‌ನ ಎರಡನೆಯ ಅಲೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರ್ ಅಂಕಿಯನ್ನು ಗೆಳೆಯನಿಗೆ ಹೊತ್ತುಹೊತ್ತಿಗೆ ಕಳಿಸುತ್ತಿದ್ದಳಂತೆ. 96, 95, ಮತ್ತೆ 96. 94ಕ್ಕಿಂತ ಕೆಳಗಿಳಿದರೆ ಏನು ಮಾಡಬೇಕೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಅವನು ತಿರುಗಿ ಬರೆಯುತ್ತಿದ್ದದ್ದು ‘ಸರಿ, ಮಲಗು’ ಎಂಬುದಿಷ್ಟೇ. ಇದಕ್ಕಿಂತ ಆಳವಾದ ಪ್ರೇಮ ಸಂಭಾಷಣೆಯನ್ನು ನಾನು ಯಾವ ಕತೆಯಲ್ಲೂ ಓದಿಲ್ಲ.

ಕನ್ನಡದಲ್ಲಿ ಚಿಕ್ಕ ಮಕ್ಕಳಿಗೆ ಪುಸ್ತಕಗಳಿವೆ, ದೊಡ್ಡವರಿಗಂತೂ ಧಾರಾಳವಾಗಿವೆ. ಹದಿಮೂರರಿಂದ ಹದಿನೆಂಟರವರೆಗಿನವರ ಕೈಗಿಡಬಹುದಾದ ಕಾದಂಬರಿಗಳು ಮಾತ್ರ ವಿರಳ. ಇರುವ ಕೆಲವುಗಳಲ್ಲೂ ಪ್ರೇಮವೆಂದರೆ ಓದು ಕೆಡಿಸುವ ಪಿಡುಗು, ಕೊನೆಯ ಪುಟದಲ್ಲಿ ಮೇಷ್ಟ್ರೋ ಅಪ್ಪನೋ ಬುದ್ಧಿ ಹೇಳಿ ಸರಿಪಡಿಸುತ್ತಾರೆ. ರೋಗದ ಕಾಲದಲ್ಲಿ ಮನೆಯ ಭಾರವನ್ನು ದೊಡ್ಡವರ ಸಮಕ್ಕೆ ಹೊತ್ತ ಮಕ್ಕಳಿಗೆ ಇನ್ನೂ ಆ ಬುದ್ಧಿಮಾತನ್ನೇ ಕೊಡುವುದು ಅನ್ಯಾಯವೆಂದು ನನಗನ್ನಿಸುತ್ತದೆ. ಕತೆಯ ಹುಡುಗ, ಹುಡುಗಿ ಕೊನೆಯಲ್ಲಿ ಒಂದಾಗಲೇಬೇಕೆಂದು ನಾನು ಕೇಳುವುದಿಲ್ಲ. ರೈಲು ಮತ್ತೆ ಓಡಿದಾಗ ಭೇಟಿಯಾಗಿ, ಇಬ್ಬರೂ ಬದಲಾಗಿರುವುದನ್ನು ಕಂಡು, ಮಾತು ತೋಚದೆ ನಿಂತರೂ ಅದು ಪೂರ್ಣ ಕತೆಯೇ.

ಅಂದು ಹದಿನಾರರವರಾಗಿದ್ದವರು ಈಗ ಇಪ್ಪತ್ತು ದಾಟಿದ್ದಾರೆ. ಈ ಕತೆಗಳನ್ನು ಅವರೇ ಬರೆಯಲಿ. ಮರಾಠಿ, ಹಿಂದಿ, ತುಳು ಬೆರೆತ ತಮ್ಮ ಮನೆಮಾತಿನಲ್ಲೇ ಬರೆಯಲಿ. ಅಚ್ಚು ಹಾಕುವವರು ಕಾಗುಣಿತವನ್ನಷ್ಟೇ ತಿದ್ದಿ, ಉಳಿದುದನ್ನು ಅವರು ಬರೆದಂತೆಯೇ ಪ್ರಕಟಿಸಲಿ.