ಎಡ ರೆಕ್ಕೆ

ಎರಡನೆಯ ಮಹಾಯುದ್ಧದ ಹರಿಕೇನ್ ಯುದ್ಧವಿಮಾನದ, ರೇಡಿಯೊದಿಂದ ಹಾರಿಸುವ ನನ್ನ ಮೊದಲ ಮಾದರಿಯ ಎಡ ರೆಕ್ಕೆ ಕೆಲಸದ ಮೇಜಿನ ಎದುರಿನ ಗೋಡೆಯಲ್ಲಿ ತೂಗುತ್ತಿದೆ. ತುದಿ ಜಜ್ಜಿಹೋಗಿದೆ, ಬುಡದಲ್ಲಿ ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ, ಮುರಿದಿದೆ, ನಡುವಿನ ಭಾಗ ಮಾತ್ರ ಗಟ್ಟಿಯಾಗಿ ಉಳಿದಿದೆ. ನೆನಪಿಗೆಂದು ಇಟ್ಟುಕೊಂಡದ್ದಲ್ಲ ಅದು. ವಿಮಾನ ಬಿದ್ದ ಮಾರನೆಯ ದಿನ ಆ ಗಟ್ಟಿ ಭಾಗವನ್ನು ಎರಡು ಮರದ ತುಂಡುಗಳ ಮೇಲೆ ಕೂರಿಸಿ, ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬುಗಳಾದ ರಿಬ್‌ಗಳ ಹಿಂದಿನ ಅಂಚು ಹಲಗೆಯಿಂದ ಎಷ್ಟು ಎತ್ತರದಲ್ಲಿದೆ ಎಂದು ಒಂದೊಂದಾಗಿ ಅಳೆದಿದ್ದೆ. ತುದಿಯ ಕಡೆಗೆ ಹೋದಂತೆ ಅದು ಸ್ವಲ್ಪ ಸ್ವಲ್ಪವೇ ಮೇಲೇಳಬೇಕಿತ್ತು. ಬದಲಿಗೆ 2 ಮಿಲಿಮೀಟರ್ ಕೆಳಗಿಳಿದಿತ್ತು.

ಆ 2 ಮಿಲಿಮೀಟರನ್ನು ರೆಕ್ಕೆಯೊಳಗೆ ಅಂಟಿಸಿದ್ದು ನಾನೇ. ಅದೂ ವಿಮಾನ ಬೀಳುವುದಕ್ಕೆ ಏಳು ತಿಂಗಳು ಮೊದಲು.

ಬಿದ್ದದ್ದು ಮೂರನೆಯ ಹಾರಾಟದಲ್ಲಿ. ಇಳಿಸಲೆಂದು ಕೊನೆಯ ಎಡ ತಿರುವು ತೆಗೆದುಕೊಳ್ಳುತ್ತಿದ್ದೆ. ವೇಗ ಇಳಿದಿತ್ತು, ತಿರುವು ಸಾಲದೆನಿಸಿ, ಮೂತಿ ಎತ್ತುವ ಬಾಲದ ಪಟ್ಟಿಯನ್ನು, ಎಲಿವೇಟರನ್ನು, ಇನ್ನೊಂದಿಷ್ಟು ಎಳೆದೆ. ಎಡ ರೆಕ್ಕೆ ಒಮ್ಮೆಲೇ ಕುಸಿಯಿತು. ಕೈ ತಾನಾಗಿಯೇ ಸ್ಟಿಕ್ಕನ್ನು ಬಲಕ್ಕೆ ತಳ್ಳಿತು. ಕುಸಿದ ರೆಕ್ಕೆಯನ್ನು ಎತ್ತಲು ಹೊರಟವರು ಯಾರೇ ಆದರೂ ಅದನ್ನೇ ಮಾಡುತ್ತಾರೆ, ಆ ಹೊತ್ತಿನಲ್ಲಿ ಮಾಡಬಾರದ್ದೂ ಅದೇ. ಬಲಕ್ಕೆ ತಳ್ಳಿದಾಗ ಎಡ ಏಲೆರಾನ್, ಅಂದರೆ ರೆಕ್ಕೆಯ ಹಿಂದಂಚಿನ ಚಲಿಸುವ ಪಟ್ಟಿ, ಕೆಳಗೆ ಬಾಗುತ್ತದೆ. ಆಗಲೇ ಗಾಳಿಯ ಹಿಡಿತ ಕಳೆದುಕೊಂಡಿದ್ದ ರೆಕ್ಕೆಯ ತುದಿ ಇನ್ನೂ ಕಡಿದಾದ ಕೋನಕ್ಕೆ ಹೋಗಿ ಪೂರ್ತಿ ಸೋಲುತ್ತದೆ. ವಿಮಾನ ಮಗುಚಿಕೊಂಡು ಎಡ ತುದಿಯೂರಿ ನೆಲಕ್ಕೆ ಬಡಿಯಿತು. ಶಬ್ದ ದೊಡ್ಡದೇನೂ ಆಗಲಿಲ್ಲ. ಮಾದರಿ ಕಟ್ಟುವ ಹಗುರ ಮರ ಬಾಲ್ಸಾ ಮುರಿಯುವುದು ಒಣ ಜೋಳದ ದಂಟು ಮುರಿದ ಹಾಗೆ.

ನಮ್ಮ ಗುಂಪಿನ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇವೆ. ತುಂಡುಗಳನ್ನು ಆಯುವಾಗ ಜೊತೆಗೆ ಬಂದರು. ಸಮಾಧಾನದ ಮಾತೇನೂ ಆಡಲಿಲ್ಲ. ‘ಮೂರು ಸಲವೂ ಬಲಕ್ಕೇ ವಾಲುತ್ತಿತ್ತಲ್ಲಪ್ಪಾ, ಟ್ರಿಮ್‌ನಲ್ಲಿ ಸರಿಮಾಡಿಕೊಂಡೆಯಾ?’ ಎಂದರು. ಸ್ಟಿಕ್ ಮುಟ್ಟದಿದ್ದಾಗಲೂ ವಿಮಾನ ನೇರ ಹಾರುವಂತೆ ಟ್ರಾನ್ಸ್‌ಮಿಟರಿನಲ್ಲಿ ಮಾಡುವ ಸಣ್ಣ ಹೊಂದಿಕೆಯೇ ಟ್ರಿಮ್. ಹೌದೆಂದೆ. ‘ರೆಕ್ಕೆ ಅಳೆದು ನೋಡು’ ಎಂದಷ್ಟೇ ಹೇಳಿ, ಮುರಿದ ಬಾಲವನ್ನು ನನ್ನ ಕೈಗೆ ಕೊಟ್ಟರು.

ಹರಿಕೇನನ್ನೇ ಏಕೆ ಕಟ್ಟಿದೆ, ಅದೇ ಕಾಲದ ಇನ್ನೊಂದು ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಅಷ್ಟು ಚೆಂದವಲ್ಲವೇ ಎಂದು ಅನೇಕರು ಕೇಳಿದ್ದಾರೆ. ಚೆಂದ ನಿಜ. ಆದರೆ ನನಗೆ ಹರಿಕೇನ್‌ನಲ್ಲಿ ಕಟ್ಟಿದವರ ಕೈ ಕಾಣುತ್ತದೆ. ಸಿಡ್ನಿ ಕ್ಯಾಮ್ ವಿನ್ಯಾಸ ಮಾಡಿದ ಈ ವಿಮಾನ ಮೊದಲು ಹಾರಿದ್ದು 1935ರ ನವೆಂಬರ್ 6ರಂದು, ಸ್ಪಿಟ್‌ಫೈರ್‌ಗಿಂತ ನಾಲ್ಕು ತಿಂಗಳು ಮೊದಲು. ಕಾಕ್‌ಪಿಟ್‌ನ ಹಿಂದಿನ ಒಡಲು ತಗಡಿನದಲ್ಲ. ಲೋಹದ ಕೊಳವೆಗಳ ಚೌಕಟ್ಟು, ಅದರ ಮೇಲೆ ಒಡಲಿಗೆ ಆಕಾರ ಕೊಡುವ ಮರದ ಅಡ್ಡ ಚೌಕಟ್ಟುಗಳಾದ ಫಾರ್ಮರ್‌ಗಳು, ಉದ್ದಕ್ಕೂ ತೆಳು ಮರದ ಪಟ್ಟಿಗಳಾದ ಸ್ಟ್ರಿಂಗರ್‌ಗಳು, ಎಲ್ಲಕ್ಕೂ ಮೇಲೆ ಡೋಪ್ ಎಂಬ ಮೆರುಗೆಣ್ಣೆ ಬಳಿದು ಬಿಗಿಗೊಳಿಸಿದ ಬಟ್ಟೆ. ಗುಂಡು ತಗುಲಿದರೆ ಎಷ್ಟೋ ಸಲ ಬಟ್ಟೆಯಲ್ಲಿ ತೂತು ಮಾಡಿಕೊಂಡು ಆಚೆ ಹೋಗುತ್ತಿತ್ತು, ನೆಲದ ಸಿಬ್ಬಂದಿ ತೇಪೆ ಹಾಕಿ ಮತ್ತೆ ಕಳಿಸುತ್ತಿದ್ದರು. ಹಾಗಾಗಿ ಮಾದರಿಯ ಒಡಲಿಗೆ ಒಂದೊಂದೇ ಬಾಲ್ಸಾ ಸ್ಟ್ರಿಂಗರ್ ಕೂರಿಸುವಾಗ ನಾನು ನಕಲು ಮಾಡುತ್ತಿದ್ದೇನೆ ಎನಿಸುವುದಿಲ್ಲ. ಅವರು ಮಾಡಿದ ಕೆಲಸವನ್ನೇ ಚಿಕ್ಕದಾಗಿ ಮಾಡುತ್ತಿದ್ದೇನೆ ಎನಿಸುತ್ತದೆ. ಮೊದಮೊದಲ ಹರಿಕೇನ್‌ಗಳಿಗೆ ಎರಡೇ ಅಲಗಿನ ಮರದ ಪ್ರೊಪೆಲ್ಲರ್ ಇತ್ತು. ಮಾದರಿಗಳಿಗೆ ಎರಡು ಅಲಗಿನ ಪ್ರೊಪೆಲ್ಲರ್ ಹಾಕಿದರೆ ಸಾಮಾನ್ಯವಾಗಿ ಅಸಲಿನಂತೆ ಕಾಣುವುದಿಲ್ಲ ಎಂಬ ದೂರಿದೆ. ಇಲ್ಲಿ ಅದೇ ಸರಿಯಾದದ್ದು.

ಅಸಲು ವಿಮಾನದ ರೆಕ್ಕೆಯ ಹರಹು 40 ಅಡಿ. ನನ್ನದು ಎಂಟನೇ ಒಂದು ಅಳತೆ, ಅಂದರೆ 60 ಇಂಚು. ಉದ್ದ ಅಗಲಗಳನ್ನು ಎಂಟರಿಂದ ಭಾಗಿಸಿಬಿಡಬಹುದು, ಗಾಳಿಯನ್ನು ಭಾಗಿಸಲು ಬರುವುದಿಲ್ಲ. ಚಿಕ್ಕ ರೆಕ್ಕೆಯ ಚಿಕ್ಕ ತುದಿಗೆ ಅದೇ ಗಾಳಿ ಅಂಟಂಟಾದ ದ್ರವದಂತೆ ವರ್ತಿಸುತ್ತದೆ, ಬೇಗ ಬಿಟ್ಟುಹೋಗುತ್ತದೆ. ಯುದ್ಧವಿಮಾನಗಳ ರೆಕ್ಕೆ ತುದಿಯ ಕಡೆ ಕಿರಿದಾಗುವುದರಿಂದ ತೊಂದರೆ ಇನ್ನೂ ಹೆಚ್ಚು. ನನ್ನ ಹರಿಕೇನ್‌ನ ರೆಕ್ಕೆ ಬುಡದಲ್ಲಿ 30 ಸೆಂಟಿಮೀಟರ್ ಅಗಲ, ತುದಿಯಲ್ಲಿ ಅದರ ಅರ್ಧ. ವೇಗ ಇಳಿದಾಗ ತುದಿ ಮೊದಲು ಸೋಲದಂತೆ ಮಾಡುವ ಉಪಾಯವೇ ವಾಷ್‌ಔಟ್. ತುದಿಯನ್ನು ಬುಡಕ್ಕಿಂತ ಒಂದೆರಡು ಡಿಗ್ರಿ ಕಡಿಮೆ ಕೋನದಲ್ಲಿ ತಿರುಚಿ ಕಟ್ಟಿದರೆ ಸೋಲು ಬುಡದಲ್ಲಿ ಶುರುವಾಗುತ್ತದೆ, ತುದಿಯಲ್ಲಿರುವ ಏಲೆರಾನ್‌ಗಳಿಗೆ ಕೊನೆಯವರೆಗೂ ಹಿಡಿತವಿರುತ್ತದೆ. ಸ್ಪಿಟ್‌ಫೈರ್‌ನ ಅಸಲು ರೆಕ್ಕೆಯಲ್ಲೂ ಈ ತಿರುಚು ಇದೆ: ಬುಡದಲ್ಲಿ 2 ಡಿಗ್ರಿ, ತುದಿಗೆ ಬರುವಷ್ಟರಲ್ಲಿ ಮೈನಸ್ ಅರ್ಧ ಡಿಗ್ರಿ.

ನನ್ನ ಕಿಟ್‌ನ ಪ್ಲಾನಿನಲ್ಲೂ ಸ್ಪಷ್ಟವಾಗಿ ಬರೆದಿತ್ತು. ತುದಿಯ ರಿಬ್ಬಿನ ಹಿಂದಿನ ಅಂಚಿನ ಕೆಳಗೆ 5 ಮಿಲಿಮೀಟರ್ ಮರದ ಪಟ್ಟಿ ಇಡಬೇಕು, 15 ಸೆಂಟಿಮೀಟರ್ ಅಗಲದ ರಿಬ್ಬಿಗೆ ಅದು ಸುಮಾರು 2 ಡಿಗ್ರಿಯಾಗುತ್ತದೆ. ಇಟ್ಟಿದ್ದೆ ಕೂಡ. ಮೇಲಿನ ಬಾಲ್ಸಾ ಹಾಳೆ ಅಂಟಿಸುವ ಮೊದಲೇ ರೆಕ್ಕೆಯನ್ನು ಹಲಗೆಯಿಂದ ಕಿತ್ತದ್ದು ತಪ್ಪು. ಏಲೆರಾನ್ ತಿರುಗಿಸುವ ಪುಟ್ಟ ಮೋಟರಿನ, ಸರ್ವೊದ, ತಂತಿ ಹಾಯಿಸಬೇಕಿತ್ತು, ತಿರುಗಿಸಿ ಹಿಡಿದರೆ ಸುಲಭ ಎನಿಸಿತು. ತಂತಿ ಹಾಯಿಸಿ, ಹಾಗೇ ತೊಡೆಯ ಮೇಲಿಟ್ಟುಕೊಂಡು ಹಾಳೆ ಅಂಟಿಸಿಬಿಟ್ಟೆ. ರೆಕ್ಕೆಯ ಮುಂಭಾಗಕ್ಕೆ ಮೇಲೂ ಕೆಳಗೂ ಹಾಳೆ ಕೂತ ಮೇಲೆ ಅದು ಮುಚ್ಚಿದ ಪೆಟ್ಟಿಗೆಯಂತಾಗುತ್ತದೆ. ಆ ಗಳಿಗೆಯಲ್ಲಿ ಯಾವ ತಿರುಚಿತ್ತೋ ಅದೇ ಶಾಶ್ವತ.

ಎರಡನೆಯ ವಿಮಾನಕ್ಕೆ ಅದೇ ಕಿಟ್ ಮತ್ತೆ ತರಿಸಿದೆ. ಒಡಲಿನ ಕೆಲಸ ಬೇಗ ಸಾಗಿತು, ಬಾಲದ್ದೂ ಅಷ್ಟೇ. ಎಲ್ಲ ಕಾಲವನ್ನೂ ರೆಕ್ಕೆಗಳಿಗೆ ಕೊಟ್ಟೆ. ಹಲಗೆ ನಿಜಕ್ಕೂ ಸಮತಟ್ಟಾಗಿದೆಯೇ ಎಂದು ಲೋಹದ ಪಟ್ಟಿ ಅಡ್ಡವಿಟ್ಟು ಬೆಳಕು ನೋಡಿದೆ. ಬಾಲ್ಸಾ ಪಟ್ಟಿಗಳನ್ನು ಒಂದೊಂದಾಗಿ ತೂಗಿ, ಬಾಗಿಸಿ ನೋಡಿ, ಒಂದೇ ಗಡಸಿನವನ್ನು ಎಡಕ್ಕೂ ಬಲಕ್ಕೂ ಜೋಡಿ ಮಾಡಿದೆ. ಒಂದು ರೆಕ್ಕೆಯ ಸ್ಪಾರ್ ಮೆತ್ತಗಿದ್ದು ಇನ್ನೊಂದರದು ಗಡುಸಾಗಿದ್ದರೆ ಅವೆರಡೂ ಬೇರೆ ಬೇರೆ ರೀತಿ ಬಾಗುತ್ತವೆ. ತಂತಿ ಹೋಗುವ ಕಾಗದದ ಕೊಳವೆಯನ್ನು ರಿಬ್‌ಗಳನ್ನು ಪಿನ್ ಮಾಡುವಾಗಲೇ ಕೂರಿಸಿದೆ. ಹಾಳೆ ಅಂಟಿಸಿದ ರಾತ್ರಿ ಇಡೀ ರೆಕ್ಕೆ ಪಿನ್ನು, ತೂಕದ ಕಲ್ಲುಗಳ ಕೆಳಗೆ ಹಲಗೆಯ ಮೇಲೇ ಇತ್ತು. ಬೇಗ ಹಿಡಿಯುವ ಅಂಟು ಬಿಟ್ಟು, ಕೂರಿಸಿ ಸರಿಪಡಿಸಲು ಸಮಯ ಕೊಡುವ ಮರದ ಅಂಟನ್ನೇ ಬಳಸಿದೆ. ಇದನ್ನು ಯಾರಿಗಾದರೂ ಹೇಳಲೇಬೇಕು ಎನಿಸುತ್ತದೆ: ರೆಕ್ಕೆಯ ಹಾಳೆ ಅಂಟಿಸುವ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ರೆಕ್ಕೆಯ ಮುಂದಂಚಿನಲ್ಲಿ ಎಂಟು ಬಂದೂಕುಗಳ ತೂತು ಬರಬೇಕು, ಒಂದೊಂದು ಬದಿಗೆ ನಾಲ್ಕು. ಅವುಗಳ ಮೇಲೆ ಕೆಂಪು ಬಟ್ಟೆಯ ಚಿಕ್ಕ ತೇಪೆ ಅಂಟಿಸುತ್ತಿದ್ದರು, ಒಳಗೆ ತಣ್ಣನೆಯ ತೇವ ಹೋಗದಿರಲೆಂದು. ಗುಂಡು ಹಾರಿಸಿದರೆ ಅದು ಹರಿಯುತ್ತದೆ. ವಿಮಾನ ಮರಳಿ ಇಳಿಯುವಾಗಲೇ ನೆಲದಲ್ಲಿ ಕಾದವರಿಗೆ ಮೇಲೇನಾಯಿತೆಂದು ಆ ಹರಿದ ತೇಪೆಯಿಂದ ತಿಳಿಯುತ್ತಿತ್ತು. ನಾನು ಆ ಎಂಟು ಕೆಂಪು ಚೌಕಗಳನ್ನು ಅಂಟಿಸುವಾಗ ಯಾವಾಗಲೂ ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ. ಹಾರಿಸಿದವರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರು ಎಷ್ಟೋ ಮಂದಿ. ನನ್ನ ವಿಮಾನದ ತೇಪೆಗಳು ಎಂದಿಗೂ ಹರಿಯುವುದಿಲ್ಲ, ಅದು ನನಗೆ ಸಂತೋಷ.

ಕೊನೆಗೆ ತೂಕ ನೋಡಿದರೆ 2.7 ಕಿಲೋ. ಬಾಲ ಭಾರವಾಗಿತ್ತು. ಹರಿಕೇನ್‌ನ ಮೂತಿ ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಮೂತಿಯಲ್ಲಿ ಅದರ ಎರಡು ಮೂರು ಪಟ್ಟು ಸೀಸ ತುಂಬಬೇಕು. ಬ್ಯಾಟರಿಯನ್ನು ಮೋಟರಿನ ಬೆನ್ನಿಗೇ ತಾಗುವಂತೆ ಮುಂದೆ ತಳ್ಳಿದರೂ ಸಾಲದೆ 140 ಗ್ರಾಂ ಸೀಸ ಇಟ್ಟ ಮೇಲೆ ವಿಮಾನ ಗುರುತಿನ ಜಾಗದಲ್ಲಿ ಬೆರಳ ಮೇಲೆ ಸಮನಾಗಿ ನಿಂತಿತು. ಅಷ್ಟು ಜತನದಿಂದ ಹಗುರವಾಗಿ ಕಟ್ಟಿ ಕೊನೆಗೆ ಸೀಸ ತುಂಬುವುದು ನೋವೇ. ಆದರೆ ಮೂತಿ ಭಾರದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರದ್ದು ಒಂದೇ ಸಲ ಹಾರುತ್ತದೆ ಎಂಬ ಮಾತು ಹಾರಿಸುವವರಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಹಾರಿಸಿದ ದಿನ ಬೆಳಗಿನ ಗಾಳಿ ತೆಳ್ಳಗಿತ್ತು, ವಿಮಾನ ಓಡುವ ಪಟ್ಟಿಗೆ ನೇರವಾಗಿ ಎದುರು ಬೀಸುತ್ತಿತ್ತು. ಟ್ರಾನ್ಸ್‌ಮಿಟರಿನ ಶಕ್ತಿ ತಗ್ಗಿಸಿ ಮೂವತ್ತು ಹೆಜ್ಜೆ ದೂರದಿಂದ ಪರೀಕ್ಷಿಸಿದೆ. ಸಿಗ್ನಲ್ ಕಡಿದರೆ ಮೋಟರ್ ನಿಲ್ಲುತ್ತದೆಯೇ ಎಂದೂ ನೋಡಿದೆ. ಏಲೆರಾನ್‌ಗಳು ಮೇಲಕ್ಕೆ ಹೆಚ್ಚು, ಕೆಳಕ್ಕೆ ಕಡಿಮೆ ಚಲಿಸುವಂತೆ ಈ ಸಲ ಮೊದಲೇ ಹೊಂದಿಸಿದ್ದೆ. ಮೇಷ್ಟ್ರು ಬಂದು ನನ್ನ ಎಡಕ್ಕೆ ನಿಂತರು.

‘ಥ್ರಾಟಲ್ ನಿಧಾನಕ್ಕೆ ಕೊಡು. ಬಾಲ ಎದ್ದಾಗ ಎಡಕ್ಕೆ ಎಳೆಯುತ್ತೆ, ಬಲಗಡೆ ರಡ್ಡರ್ ತಯಾರಿರಲಿ.’

‘ಆಗಲಿ ಮೇಷ್ಟ್ರೇ.’

ಬಾಲಚಕ್ರದ ವಿಮಾನದಲ್ಲಿ ಇದೊಂದು ಗಳಿಗೆ ಕಷ್ಟದ್ದು. ಪ್ರೊಪೆಲ್ಲರ್ ತಿರುಗುವ ಬಲ ಒಂದು ಕಡೆ, ಬಾಲ ಮೇಲೇಳುವಾಗ ತಿರುಗುತ್ತಿರುವ ಅದೇ ಪ್ರೊಪೆಲ್ಲರ್ ಬುಗುರಿಯಂತೆ ಅಡ್ಡಕ್ಕೆ ತಳ್ಳುವುದು ಇನ್ನೊಂದು ಕಡೆ, ಎರಡೂ ಸೇರಿ ಮೂತಿಯನ್ನು ಎಡಕ್ಕೆ ಎಳೆಯುತ್ತವೆ. ಹರಿಕೇನ್‌ನ ಚಕ್ರಗಳು ಒಂದಕ್ಕೊಂದು ದೂರ ಇರುವುದು ಇಲ್ಲಿ ದೊಡ್ಡ ಆಸರೆ. ಅವು ಒಳಮುಖವಾಗಿ ಮಡಚಿಕೊಳ್ಳುವ ಕಾರಣ ಕಾಲುಗಳು ಅಗಲವಾಗಿ ನಿಲ್ಲುತ್ತವೆ. ಸ್ಪಿಟ್‌ಫೈರ್‌ಗೆ ಆ ಭಾಗ್ಯವಿಲ್ಲ. ಬಾಲ ಎದ್ದಿತು, ಹೆಬ್ಬೆರಳು ಬಲಕ್ಕೆ ಸ್ವಲ್ಪ ಒತ್ತಿತು, ಓಟ ನೇರವಾಯಿತು. ಹದಿನೈದು ಇಪ್ಪತ್ತು ಮೀಟರ್ ಓಡಿ ತಾನಾಗಿಯೇ ನೆಲ ಬಿಟ್ಟಿತು.

ಬಲಕ್ಕೆ ವಾಲಲಿಲ್ಲ. ಕೈಬಿಟ್ಟು ನೋಡಿದೆ, ಎಡಕ್ಕೂ ವಾಲಲಿಲ್ಲ. ಏಲೆರಾನ್ ಟ್ರಿಮ್ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಎಲಿವೇಟರಿಗೆ ಎರಡು ಕ್ಲಿಕ್ ಕೆಳಗೆ ಕೊಟ್ಟೆ, ಅಷ್ಟೇ. ಚಕ್ರಗಳನ್ನು ಮಡಚಿ ತಲೆಯ ಮುಂದಿನಿಂದ ಒಂದು ಸುತ್ತು ತಂದಾಗ ಬೆಳಗಿನ ಬಿಸಿಲು ಹೊಟ್ಟೆಯ ಕೆಳಗಿನಿಂದ ಬಂದು, ಹಿಂದಿನ ಒಡಲಿನ ಸ್ಟ್ರಿಂಗರ್‌ಗಳ ಗೆರೆ ಹೊದಿಕೆಯ ಮೇಲೆ ಒಂದೊಂದಾಗಿ ಎದ್ದು ಕಂಡವು. ಮೂರು ವಾರ ಕೂತು ಅಂಟಿಸಿದ ಗೆರೆಗಳು.

‘ಎತ್ತರಕ್ಕೆ ಹೋಗು, ಸ್ಟಾಲ್ ಮಾಡಿ ನೋಡು’ ಎಂದರು ಮೇಷ್ಟ್ರು.

ಬೇಕೆಂದೇ ವೇಗ ಇಳಿಸಿ ರೆಕ್ಕೆ ಸೋಲುವಂತೆ ಮಾಡುವ ಈ ಪರೀಕ್ಷೆಯನ್ನು ಮೊದಲ ವಿಮಾನದಲ್ಲಿ ನಾನು ಮಾಡಿರಲಿಲ್ಲ. ಹೆದರಿಕೆಯಾಗಿತ್ತು, ಇಳಿಸುವಾಗ ನೋಡಿಕೊಂಡರಾಯಿತು ಎಂದುಕೊಂಡಿದ್ದೆ. ಎತ್ತರದಲ್ಲಿ ಸೋತರೆ ಸರಿಪಡಿಸಲು ಕೆಳಗೆ ಜಾಗವಿರುತ್ತದೆ. ಇಳಿಯುವ ತಿರುವಿನಲ್ಲಿ ಸೋತರೆ ಇರುವುದಿಲ್ಲ. ನೂರು ಮೀಟರಿನಷ್ಟು ಮೇಲೆ ಒಯ್ದು, ಗಾಳಿಗೆ ಎದುರಾಗಿ ನಿಲ್ಲಿಸಿ ಥ್ರಾಟಲ್ ಪೂರ್ತಿ ಮುಚ್ಚಿದೆ. ಎತ್ತರ ಕಳೆಯದಂತೆ ಎಲಿವೇಟರನ್ನು ಇಷ್ಟಿಷ್ಟೇ ಎಳೆಯುತ್ತ ಹೋದೆ. ಮೂತಿ ಎತ್ತಿಕೊಂಡು ವಿಮಾನ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಬಾನಿನಲ್ಲಿ ತೂಗುಹಾಕಿದಂತೆ ಕಂಡಿತು. ಕಣ್ಣು ಎಡ ರೆಕ್ಕೆಯ ತುದಿಯನ್ನು ಬಿಟ್ಟು ಕದಲಲಿಲ್ಲ.

ಮೂತಿ ಒಮ್ಮೆ ತಲೆದೂಗಿದಂತೆ ನೇರ ಕೆಳಗೆ ಬಾಗಿತು. ರೆಕ್ಕೆಗಳು ಎರಡೂ ಸಮ. ಎಲಿವೇಟರ್ ಬಿಟ್ಟೆ, ವೇಗ ಹಿಡಿಯಿತು, ಹಾರಿತು. ಇನ್ನೊಮ್ಮೆ ಮಾಡಿದೆ. ಮೂರನೆಯ ಸಲ ಎಡಕ್ಕೆ ತಿರುಗುತ್ತಲೇ ಮಾಡಿದೆ. ಎಡ ರೆಕ್ಕೆ ತುಸು ಅಳುಕಿತು, ಎಳೆತ ಸಡಿಲಿಸಿದ ಕೂಡಲೇ ಬಂದು ಸೇರಿತು. ಮೇಷ್ಟ್ರು ಏನೂ ಹೇಳಲಿಲ್ಲ. ಪಕ್ಕದಲ್ಲಿ ಉಸಿರು ಬಿಟ್ಟದ್ದು ಮಾತ್ರ ಕೇಳಿಸಿತು.

ಟೈಮರ್ ಕೂಗಿದಾಗ ಐದು ನಿಮಿಷ. ಚಕ್ರ ಇಳಿಸಿದೆ, ಎರಡೂ ಇಳಿದದ್ದನ್ನು ಮುಂದಿನಿಂದ ಒಂದು ಸಲ ಹಾಯಿಸಿ ನೋಡಿಕೊಂಡೆ. ಫ್ಲ್ಯಾಪ್ ಅರ್ಧ. ಮತ್ತೆ ಅದೇ ಎಡ ತಿರುವು. ಥ್ರಾಟಲನ್ನು ಪೂರ್ತಿ ಮುಚ್ಚದೆ ಉಳಿಸಿಕೊಂಡು, ತಿರುವು ಅಗಲವಾದರೆ ಆಗಲಿ ಎಂದು ಎಳೆಯದೆ ಬಿಟ್ಟೆ. ಪಟ್ಟಿಯ ನೇರಕ್ಕೆ ಬರುವಷ್ಟರಲ್ಲಿ ಸ್ವಲ್ಪ ಆಚೆಗೆ ಹೋಗಿತ್ತು, ಸಾವಕಾಶವಾಗಿ ಒಳಗೆ ತಂದೆ. ಮುಂದಿನ ಎರಡು ಚಕ್ರ ಹುಲ್ಲನ್ನು ಸವರಿದವು, ಒಂದು ಸಣ್ಣ ನೆಗೆತ, ಮತ್ತೆ ಕೂತಿತು. ಬಾಲ ತಾನಾಗಿ ಇಳಿಯಿತು. ನಿಂತಿತು.

ಬ್ಯಾಟರಿ ಬಿಚ್ಚಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಕೋನಮಾಪಕ ತೆಗೆದು ರೆಕ್ಕೆಗೆ ಹಚ್ಚಿದ್ದು. ಬಿಸಿಲಿಗೆ ಹೊದಿಕೆಯ ಫಿಲ್ಮ್ ಎಳೆದುಕೊಂಡು ರೆಕ್ಕೆಯನ್ನೇ ತಿರುಚಿಬಿಡುವುದುಂಟು, ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನಕ್ಕೆ ಸರಿಯಿರುತ್ತದೆ ಎನ್ನುವಂತಿಲ್ಲ. ಬುಡದಲ್ಲಿ ನೋಡಿದೆ, ತುದಿಯಲ್ಲಿ ನೋಡಿದೆ. ಮೇಷ್ಟ್ರು ಮಂಡಿಯೂರಿ ಕೂತು ಎಡ ತುದಿಯ ಹಿಂದಿನ ಅಂಚಿನ ಕೆಳಗೆ ಬೆರಳಾಡಿಸಿದರು.

‘ಎಷ್ಟಿಟ್ಟೆ?’

‘ಐದು ಮಿಲಿಮೀಟರ್, ಮೇಷ್ಟ್ರೇ.’

‘ಎರಡೂ ಕಡೆ?’

‘ಎರಡೂ ಕಡೆ. ಈಗಲೂ ಹಾಗೇ ಇದೆ.’

ಅವರು ಎದ್ದು ಮಂಡಿಗೆ ಹತ್ತಿದ್ದ ಹುಲ್ಲು ಕೊಡವಿಕೊಂಡರು. ‘ಇನ್ನೊಂದು ಬ್ಯಾಟರಿ ತಂದಿದ್ದೀಯ ತಾನೆ?’ ಎಂದರು.