ಗೇಟಿನಿಂದ ಹದಿನೆಂಟು ಅಡಿ

2025 ನವೆಂಬರ್ 9, ಭಾನುವಾರ
ತುಮಕೂರು, ರಾತ್ರಿ 10.20

ಸಿಸಿ ಕ್ಯಾಮೆರಾ ಹಾಕಿದರೆ ಗೇಟಿನ ಕಡೆ ಏನು ಕಾಣುತ್ತದೆ ಅಂತ ನೋಡಲು ಬೆಳಿಗ್ಗೆ ಎಂಟು ಗಂಟೆಗೆ ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹತ್ತಿ, ಮೊಬೈಲನ್ನು ಗೋಡೆಗೆ ಒತ್ತಿ ಹಿಡಿದು ನಿಂತಿದ್ದೆ. ಹೂವಿನವಳು ಗೇಟಿನ ಹೊರಗಿನಿಂದ, "ಏನಕ್ಕಾ, ಸಿಗ್ನಲ್ ಸಿಗ್ತಿಲ್ವಾ?" ಅಂದಳು. ಸಿಗ್ನಲ್ ಸಿಗ್ತಿದೆ, ನಿನ್ನ ಮುಖ ಸಿಗ್ತಿಲ್ಲ ಅಂದೆ. ನಮ್ಮ ಮನೆ ಪೂರ್ವಕ್ಕಿದೆ. ಕಾರ್ತಿಕದ ಬಿಸಿಲು ಓರೆಯಾಗಿ ಬಂದು ನೇರ ಕಣ್ಣಿಗೇ ಹೊಡೆಯುತ್ತದೆ. ಮೊಬೈಲಿನಲ್ಲಿ ಅವಳು ಬುಟ್ಟಿ ಹೊತ್ತ ಒಂದು ಕಪ್ಪು ಬೊಂಬೆ, ಅಷ್ಟೇ. ಸುತ್ತ ಮಾತ್ರ ಬೆಳಕೋ ಬೆಳಕು.

ಇದನ್ನು ಕ್ಯಾಮೆರಾ ಅಂಗಡಿಯವರು ಯಾರೂ ಹೇಳಿರಲಿಲ್ಲ. ಎಲ್ಲರೂ ಕತ್ತಲ ಬಗ್ಗೆಯೇ ಮಾತಾಡಿದ್ದರು. ನೈಟ್ ವಿಷನ್, ಕಲರ್ ನೈಟ್ ವಿಷನ್, ಮೂವತ್ತು ಮೀಟರ್ ನೈಟ್ ವಿಷನ್. ನಮ್ಮ ಮನೆಯಲ್ಲಿ ರಾತ್ರಿ ಮೂರು ಜನ ಮಲಗಿರುತ್ತೇವೆ. ಮನೆ ಖಾಲಿ ಇರುವುದು ಹಗಲು. ನಾನು ಏಳೂಕಾಲಿಗೆ ಬೆಂಗಳೂರಿನ ರೈಲಿಗೆ ಓಡುತ್ತೇನೆ. ನಮ್ಮವರು ಗುಬ್ಬಿಯ ಶಾಲೆಗೆ, ಮಗಳು ಪಿಯು ಕಾಲೇಜಿಗೆ. ಎಂಟೂವರೆಗೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಸಂಜೆ ಐದಕ್ಕೆ.

ಈ ಸಿಸಿ ಕ್ಯಾಮೆರಾದ ಯೋಚನೆ ಹತ್ತಿದ್ದು ಮೂರು ವಾರದ ಹಿಂದೆ. ಎರಡು ಕ್ರಾಸ್ ಆಚೆ ಒಂದು ಮನೆಯ ಬೀಗ ಒಡೆದರು, ಹಾಡಹಗಲಲ್ಲಿ. ಆ ಮನೆಗೆ ನಾಲ್ಕು ಕ್ಯಾಮೆರಾ ಇದ್ದವು. ನಾನೂ ಹೋಗಿ ವಿಡಿಯೋ ನೋಡಿದೆ, ಓಣಿಯ ಅರ್ಧ ಜನ ಅಲ್ಲೇ ಇದ್ದರು. ಕ್ಯಾಮೆರಾವನ್ನು ಯಾರ ಕೈಗೂ ಸಿಗಬಾರದು ಅಂತ ಮೊದಲ ಮಹಡಿಯ ಸಜ್ಜದ ಕೆಳಗೆ ಹಾಕಿದ್ದರು. ಕಳ್ಳನ ಟೋಪಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಟೋಪಿಯ ಮೇಲಿನ ಗುಂಡಿ ಕೂಡ. ಮೂಗು, ಬಾಯಿ ಯಾವುದೂ ಇಲ್ಲ. ಇನ್ನೊಂದು ತಮಾಷೆ ಅಂದರೆ ಗಡಿಯಾರ. ಬೀಗ ಒಡೆದದ್ದು 11.40ರ ಸುಮಾರಿಗೆ, ವಿಡಿಯೋದಲ್ಲಿ 6.10 ಅಂತಿತ್ತು. ಸರಿಯಾಗಿ ಐದೂವರೆ ಗಂಟೆ ಹಿಂದೆ. ರೆಕಾರ್ಡ್ ಮಾಡುವ ಬಾಕ್ಸ್ ಕೂರಿಸಿದವರು ಭಾರತದ ಟೈಮ್ ಝೋನ್ ಆರಿಸುವುದನ್ನೇ ಮರೆತಿದ್ದರು. ಬೆಳಗಿನ ಆರು ಗಂಟೆಯ ಆಕಾಶ ಹೀಗಿರಲ್ಲ ಅಂತ ಕೊನೆಗೆ ಹೇಳಿದ್ದು ಪೇಪರ್ ಹಾಕುವ ಹುಡುಗ.

ನಗು ಬಂದರೂ ಇದು ಸಣ್ಣ ವಿಷಯವಲ್ಲ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಸೆಕ್ಷನ್ ಪ್ರಕಾರ ಇಂಥ ವಿಡಿಯೋವನ್ನು ಕೋರ್ಟಿಗೆ ಕೊಡುವಾಗ ಜೊತೆಗೆ ಪ್ರಮಾಣಪತ್ರ ಇರಬೇಕು. ಗಡಿಯಾರವೇ ಸುಳ್ಳು ಹೇಳುತ್ತಿದ್ದರೆ ವಕೀಲರಿಗೆ ಹಬ್ಬ ಅಲ್ವಾ.

ಅತ್ತೆ ಹೋಗಿ ಎಂಟು ತಿಂಗಳಾಯಿತು. ಅವರಿದ್ದಾಗ ಈ ಮನೆಗೆ ಹಗಲು ಬೀಗ ಬಿದ್ದದ್ದೇ ನೆನಪಿಲ್ಲ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ವರದಿ ಶುರು. ಗ್ಯಾಸಿನವನು ಬಂದಿದ್ದ, ಚಿಲ್ಲರೆ ಇಲ್ಲ ಅಂದ. ಸೈಟು ಮಾರಾಟಕ್ಕಿದೆಯಾ ಅಂತ ಯಾರೋ ಕೇಳಿಕೊಂಡು ಬಂದ, ಷರ್ಟು ಇಸ್ತ್ರಿ ಇತ್ತು, ಕಾಲಲ್ಲಿ ಹವಾಯಿ ಚಪ್ಪಲಿ, ನನಗ್ಯಾಕೋ ಸರಿ ಕಾಣಲಿಲ್ಲ, ಕಳಿಸಿದೆ. ಆಗ ನನಗೆ ಈ ವರದಿ ಕಿರಿಕಿರಿ. ಈಗ ಅದಕ್ಕೇ ಮೂವತ್ತು ಸಾವಿರ ಕೊಡಲು ಹೊರಟಿದ್ದೇನೆ. ಚಪ್ಪಲಿ ನೋಡುವ ಕ್ಯಾಮೆರಾ ಆ ದುಡ್ಡಿಗೂ ಸಿಗಲ್ಲ.

ನಿನ್ನೆ ಎಂ.ಜಿ. ರಸ್ತೆಯಲ್ಲಿ ಎರಡು ಅಂಗಡಿ ಹತ್ತಿ ಇಳಿದೆ. ಮೊದಲನೆಯವರು ನಾಲ್ಕು ಕ್ಯಾಮೆರಾದ ಸೆಟ್ ಹೇಳಿದರು. 2 ಮೆಗಾಪಿಕ್ಸೆಲ್, ಡಿವಿಆರ್ ಅನ್ನುವ ರೆಕಾರ್ಡಿಂಗ್ ಬಾಕ್ಸ್, ವೈರಿಂಗ್ ಸೇರಿ ಹದಿನೆಂಟೂವರೆ ಸಾವಿರ. "ಫುಲ್ ಕವರೇಜ್ ಮೇಡಂ, ಕಾಂಪೌಂಡ್ ಪೂರ್ತಿ ಒಂದರಲ್ಲೇ ಬರುತ್ತೆ" ಅಂದರು. ಯಾವ ಲೆನ್ಸು ಅಂದೆ. 2.8 ಎಂಎಂ. ಅಲ್ಲಿಗೆ ನನಗೆ ಏನೂ ಹೊಳೆಯಲಿಲ್ಲ. ರಾತ್ರಿ ಮಗಳು ಕೂರಿಸಿಕೊಂಡು ಪಾಠ ಮಾಡಿದಳು.

ಕ್ಯಾಮೆರಾ ಹಾಕುವ ಗೋಡೆಯಿಂದ ನಮ್ಮ ಗೇಟಿಗೆ ಹದಿನೆಂಟು ಅಡಿ, ಅಂದರೆ ಐದೂವರೆ ಮೀಟರ್. 2.8 ಎಂಎಂ ಲೆನ್ಸ್ ತುಂಬ ಅಗಲ ನೋಡುತ್ತದೆ, ನೂರು ಡಿಗ್ರಿಗೂ ಜಾಸ್ತಿ. ಅಷ್ಟು ದೂರಕ್ಕೆ ಹೋಗುವಷ್ಟರಲ್ಲಿ ಅದರ ನೋಟ ಸುಮಾರು 14 ಮೀಟರ್ ಹರಡಿಕೊಂಡಿರುತ್ತದೆ. 2 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ ಇರುವುದೇ 1920 ಚುಕ್ಕಿ. ಹಂಚಿದರೆ ಮೀಟರಿಗೆ ಹತ್ತಿರಹತ್ತಿರ 135. ಇದಕ್ಕೊಂದು ಅಂತರರಾಷ್ಟ್ರೀಯ ಅಳತೆ ಇದೆಯಂತೆ. ಮೀಟರಿಗೆ 125 ಚುಕ್ಕಿ ಇದ್ದರೆ ನಮಗೆ ಮೊದಲೇ ಪರಿಚಯ ಇರುವವರು ಗೊತ್ತಾಗುತ್ತಾರೆ. ಪರಿಚಯವೇ ಇಲ್ಲದವನ ಗುರುತು ಹಿಡಿಯಬೇಕಾದರೆ 250 ಬೇಕು.

ಅಂದರೆ ಆ ಸೆಟ್ಟಿನಲ್ಲಿ ಹೂವಿನವಳು ಕಾಣುತ್ತಾಳೆ, ಹಾಲಿನವನು ಕಾಣುತ್ತಾನೆ, ನಮ್ಮ ನಾದಿನಿ ಬಂದರೆ ಗೊತ್ತಾಗುತ್ತದೆ. ಕಳ್ಳ ಮಾತ್ರ ಗೊತ್ತಾಗುವುದಿಲ್ಲ! ಅದೇ ಜಾಗದಲ್ಲಿ 6 ಎಂಎಂ ಲೆನ್ಸ್ ಹಾಕಿದರೆ ನೋಟ ಐದು ಮೀಟರ್ ಚಿಲ್ಲರೆಗೆ ಕಿರಿದಾಗುತ್ತದೆ, ಮೀಟರಿಗೆ 350 ಚುಕ್ಕಿ ದಾಟುತ್ತದೆ. ಕಾಂಪೌಂಡಿನ ಎರಡು ಮೂಲೆ ಕಾಣಲ್ಲ. ಕಾಣದಿದ್ದರೆ ಬೇಡ, ಅಲ್ಲಿರುವುದು ಕರಿಬೇವಿನ ಗಿಡ.

ಇವತ್ತು ಪೂರ್ತಿ ಮನೆಯ ಸುತ್ತ ಟೇಪ್ ಹಿಡಿದು ಓಡಾಡಿದೆವು. ನೆಲದಿಂದ ಎಷ್ಟು ಎತ್ತರ ಅನ್ನುವುದಕ್ಕೆ ಜಗಳವೇ ಆಯಿತು. ನಮ್ಮವರು ಹನ್ನೆರಡು ಅಡಿ ಅಂದರು, ಕಿತ್ತುಕೊಂಡು ಹೋಗಬಾರದು ಅನ್ನೋದು ಅವರ ವಾದ. ನಾನು ಟೋಪಿ ಅಂದೆ. ಕೊನೆಗೆ ಎಂಟು ಅಡಿಗೆ ಒಪ್ಪಿದರು. ಕಿತ್ತರೂ ಕೀಳಲಿ, ಕೀಳಲು ಬಂದವನ ಮುಖ ಅಷ್ಟು ಹೊತ್ತಿಗೆ ಒಳಗಿನ ಬಾಕ್ಸಿಗೆ ಹೋಗಿರುತ್ತದೆ. ವೈಫೈ ಕ್ಯಾಮೆರಾ ಬೇಡ ಅಂದದ್ದೂ ಇದಕ್ಕೇ. ಎರಡು ಮೂರು ಸಾವಿರಕ್ಕೆ ಸಿಗುತ್ತೆ, ಹಾಕುವುದೂ ಸುಲಭ. ಆದರೆ ಬರೀ ಮೆಮೊರಿ ಕಾರ್ಡಿನ ಮೇಲೆ ನಂಬಿಕೆ ಇಟ್ಟರೆ, ಕ್ಯಾಮೆರಾ ಕದ್ದವನು ಸಾಕ್ಷಿಯನ್ನೂ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ.

ಹಾಗಾಗಿ ಮೂರೇ ಕ್ಯಾಮೆರಾ. ಗೇಟಿಗೆ 6 ಎಂಎಂ. ಬಾಗಿಲ ಮುಂದಿನ ಮೆಟ್ಟಿಲಿಗೆ ಅಗಲದ 2.8, ಅಲ್ಲಿ ನಿಂತವನು ಎರಡು ಮೀಟರ್ ಒಳಗೇ ಇರುತ್ತಾನೆ. ಮೂರನೆಯದು ಹಿತ್ತಲಿಗೆ, ಪಾತ್ರೆ ತೊಳೆಯುವ ಕಡೆಯ ಬಾಗಿಲು ಮತ್ತು ಟೆರೇಸಿನ ಮೆಟ್ಟಿಲು ಎರಡೂ ಬರುವ ಹಾಗೆ. ಎಲ್ಲ ಐಪಿ ಕ್ಯಾಮೆರಾ, ಒಂದೇ ಕೇಬಲಿನಲ್ಲಿ ಕರೆಂಟೂ ಹೋಗುತ್ತೆ, ವಿಡಿಯೋನೂ ಬರುತ್ತೆ. ಆ ಕೇಬಲ್ 100 ಮೀಟರ್ ತನಕ ಎಳೆಯಬಹುದು, ನಮ್ಮಲ್ಲಿ ಉದ್ದದ್ದೇ 24 ಮೀಟರ್. ಪಿವಿಸಿ ಪೈಪಿನೊಳಗೆ ಎಳೆಯಬೇಕು ಅಂತ ಬರೆದುಕೊಂಡಿದ್ದೇನೆ, ತೆಂಗಿನಮರದ ಅಳಿಲುಗಳಿಗೆ ವೈರ್ ಅಂದರೆ ಪ್ರಾಣ. ಗೇಟಿನ ಕ್ಯಾಮೆರಾಕ್ಕೆ ಡಬ್ಲ್ಯುಡಿಆರ್ ಅನ್ನುವ ಸೌಲಭ್ಯ ಇರಲೇಬೇಕು. ಬಿಸಿಲು ಹಿಂದೆ ಇದ್ದಾಗ ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿಗೆ ತೆಗೆದು ಜೋಡಿಸುತ್ತದೆ. ಜೊತೆಗೆ ಅದನ್ನು ಉತ್ತರದ ಕಂಬಕ್ಕೆ ಸರಿಸಿ ಒಂದಿಷ್ಟು ನೆರಳು ಕೊಡಬೇಕು. ಸೂರ್ಯನನ್ನೇ ದಿಟ್ಟಿಸುತ್ತಾ ಕೂತರೆ ಯಾವ ಡಬ್ಲ್ಯುಡಿಆರ್ ಏನು ಮಾಡೀತು?

ಸ್ಟೋರೇಜ್ ಲೆಕ್ಕ ಮಗಳದ್ದು. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ದಿನಕ್ಕೆ 43 ಜಿಬಿ. ಮೂರಕ್ಕೆ 130. ಎರಡು ಟಿಬಿ ಡಿಸ್ಕ್ ಹದಿನೈದು ದಿನಕ್ಕೆ ತುಂಬುತ್ತೆ, ಆಮೇಲೆ ಹಳೆಯದರ ಮೇಲೇ ಬರೆಯುತ್ತದೆ. ವಿಡಿಯೋವನ್ನು ಕುಗ್ಗಿಸಿ ಇಡುವ ಎಚ್.265 ಅನ್ನುವುದನ್ನು ಆನ್ ಮಾಡಿದರೆ ಹೆಚ್ಚುಕಮ್ಮಿ ದುಪ್ಪಟ್ಟು ದಿನ ಬರಬಹುದು. ಊರಿಗೆ ಹೋದರೂ ನಾವು ಹತ್ತು ದಿನಕ್ಕಿಂತ ಜಾಸ್ತಿ ಇರಲ್ಲ. ಸಾಕು.

ಕರೆಂಟ್ ವಿಷಯದಲ್ಲಿ ನಾನು ಸುಮ್ನೆ ಹೆದರಿದ್ದೆ. ಕ್ಯಾಮೆರಾ ಒಂದಕ್ಕೆ ಆರು ವ್ಯಾಟ್ ಹಿಡಿದರೂ ಮೂರಕ್ಕೆ ಹದಿನೆಂಟು, ಬಾಕ್ಸಿಗೆ ಹದಿನೈದು, ರೂಟರ್‌ಗೆ ಹತ್ತು. ನಮ್ಮ ಹಾಲಿನ ಹಳೆಯ ಫ್ಯಾನ್ ಒಂದೇ 75 ವ್ಯಾಟ್ ತಿನ್ನುತ್ತದೆ. ಇರುವ ಇನ್ವರ್ಟರೇ ಧಾರಾಳ. ಬಾಕ್ಸನ್ನು ಟಿವಿ ಪಕ್ಕ ಇಡುವುದಿಲ್ಲ, ಅಟ್ಟದ ಮೇಲೆ, ಗೌರಿ ಹಬ್ಬದ ಪಾತ್ರೆಗಳ ಹಿಂದೆ. ಗಾಳಿ ಆಡಬೇಕಂತೆ, ಹಾಗಾಗಿ ಪಾತ್ರೆಗಳನ್ನು ಸ್ವಲ್ಪ ಸರಿಸಬೇಕು.

ಎರಡನೇ ಅಂಗಡಿಯ ಹುಡುಗ ಒಳ್ಳೆಯವನು. ಆದರೆ ಪಾಸ್‌ವರ್ಡ್ ನಾನೇ ಹಾಕಿಕೊಡ್ತೀನಿ, ನಂಬರ್ ಬರ್ಕೊಂಡಿರ್ತೀನಿ, ಮರೆತರೆ ಫೋನ್ ಮಾಡಿ ಅಂದ. ಬೇಡಪ್ಪಾ ಅಂದೆ. 2016ರಲ್ಲಿ ಮಿರೈ ಅನ್ನುವ ವೈರಸ್, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳೊಳಗೆ ಹೊಕ್ಕಿತ್ತು. ಆ ಅಕ್ಟೋಬರ್‌ನಲ್ಲಿ ಅವುಗಳನ್ನೇ ದಂಡು ಕಟ್ಟಿ ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನು ಮಲಗಿಸಿದರು. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಕೇಂದ್ರದ ಹೊಸ ನಿಯಮ ಇದೆ, ಭದ್ರತೆಯ ಪರೀಕ್ಷೆ ಪಾಸಾದ ಕ್ಯಾಮೆರಾವನ್ನೇ ಮಾರಬೇಕು. ಆ ಪರೀಕ್ಷೆಯ ಎಸ್‌ಟಿಕ್ಯೂಸಿ ಸರ್ಟಿಫಿಕೇಟ್ ಇದೆಯಾ ಅಂತ ಕೇಳಿದಾಗ ಮೊದಲ ಅಂಗಡಿಯವರು ನನ್ನನ್ನು ಇನ್‌ಕಮ್ ಟ್ಯಾಕ್ಸಿನವಳನ್ನು ನೋಡಿದ ಹಾಗೆ ನೋಡಿದರು. ಎರಡನೆಯವನು ಪೆಟ್ಟಿಗೆ ತಿರುಗಿಸಿ ತೋರಿಸಿದ. ಆರ್ಡರ್ ಅವನಿಗೇ.

ಅವನೇ ಮನೆಯೊಳಗೆ ಹಾಲ್‌ಗೆ ಒಂದು ಕ್ಯಾಮೆರಾ ಫ್ರೀ ಅಂದ. ರೆಕಾರ್ಡಿಂಗ್ ಬಾಕ್ಸಿನಲ್ಲಿ ನಾಲ್ಕನೇ ಪೋರ್ಟ್ ಖಾಲಿ ಇದೆಯಲ್ಲ ಅಂತ. ಮಗಳು ನನ್ನ ಮುಖ ನೋಡಿದಳು. ಪೋರ್ಟ್ ಖಾಲಿ ಇರಲಿ.

ಒಂದು ಕಥೆ ಓದಿ ಖುಷಿಯಾಯಿತು. ಮನೆ ಕಾಯುವ ಇಂಥ ವ್ಯವಸ್ಥೆಗೆ ಮೊದಲು ಪೇಟೆಂಟ್ ಪಡೆದವಳು ಒಬ್ಬ ನರ್ಸ್. ಹೆಸರು ಮೇರಿ ವ್ಯಾನ್ ಬ್ರಿಟನ್ ಬ್ರೌನ್, ನ್ಯೂಯಾರ್ಕಿನ ಕ್ವೀನ್ಸ್‌ನವಳು. ಹೊತ್ತುಗೊತ್ತಿಲ್ಲದ ಡ್ಯೂಟಿ, ಮನೆಯಲ್ಲಿ ಎಷ್ಟೋ ರಾತ್ರಿ ಒಬ್ಬಳೇ. 1966ರಲ್ಲಿ ಗಂಡನ ಜೊತೆ ಅರ್ಜಿ ಹಾಕಿದಳು, 1969ರ ಡಿಸೆಂಬರ್‌ನಲ್ಲಿ ಪೇಟೆಂಟ್ ಬಂತು. ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ ಇಣುಕು ರಂಧ್ರಗಳು, ಅವುಗಳ ಹಿಂದೆ ಮೇಲೆ ಕೆಳಗೆ ಜಾರುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಟಿವಿ. ಗಿಡ್ಡ ಇರಲಿ, ಉದ್ದ ಇರಲಿ, ಮುಖದ ಎತ್ತರಕ್ಕೇ ಕ್ಯಾಮೆರಾ. ಅವಳು ನಮ್ಮ ಓಣಿಯಲ್ಲಿದ್ದಿದ್ದರೆ ನಮ್ಮವರ ಹನ್ನೆರಡು ಅಡಿ ಅಲ್ಲೇ ಮುಗಿಯುತ್ತಿತ್ತು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಕೂತೇ ಇತ್ತು. 11.40ಕ್ಕೆ ನನ್ನ ಫೋನ್ ಟಿಂಗ್ ಅನ್ನುತ್ತದೆ, ಗೇಟಿನೊಳಗೆ ಯಾರೋ ಇದ್ದಾರೆ. ನಾನು ಎಪ್ಪತ್ತು ಕಿಲೋಮೀಟರ್ ದೂರ ಇದ್ದೇನೆ. 112ಕ್ಕೆ ಫೋನ್ ಮಾಡುತ್ತೇನೆ, ಸರಿ. ಅವರು ಬರುವ ತನಕ? ಎದುರು ಮನೆಯ ನಿವೃತ್ತ ಕಂಡಕ್ಟರ್ ಒಬ್ಬರೇ ಹಗಲು ಮನೆಯಲ್ಲಿರುವವರು. ಹೋಗಿ ನಂಬರ್ ಕೊಟ್ಟು, ಹೀಗೀಗೆ ಅಂದೆ. ಫೋನ್ ಬಂದರೆ ಒಬ್ಬರೇ ಒಳಗೆ ನುಗ್ಗಬೇಡಿ, ನಿಮ್ಮ ಗೇಟಿನಲ್ಲೇ ನಿಂತು ಜೋರಾಗಿ ಕೂಗಿದರೆ ಸಾಕು ಅಂದೆ. "ಇಪ್ಪತ್ತೆಂಟು ವರ್ಷ ರೈಟ್ ರೈಟ್ ಅಂತ ಕೂಗಿದ ಗಂಟಲಮ್ಮಾ ಇದು" ಅಂದರು.

ಗೇಟಿನ ಕ್ಯಾಮೆರಾದಲ್ಲಿ ಅವರ ಮನೆಯ ಕಿಟಕಿಯೂ ಒಂದು ಮೂಲೆಗೆ ಬರುತ್ತದೆ. ಅಷ್ಟು ಜಾಗವನ್ನು ಕಪ್ಪಾಗಿ ಮುಚ್ಚಿಬಿಡುವ ಸೆಟ್ಟಿಂಗ್ ಇದೆ, ಮುಚ್ಚಿಸುತ್ತೇನೆ ಅಂತಲೂ ಹೇಳಿದೆ. "ಅಯ್ಯೋ ಮುಚ್ಚಬೇಡಿ, ಕಿಟಕಿ ಕೆಳಗೇ ನನ್ನ ಸ್ಕೂಟರ್ ಇರೋದು. ಅದನ್ನೂ ಒಂಚೂರು ಸೇರಿಸ್ಕೊಳ್ಳಿ" ಅಂದರು. ಒಳಗಿನಿಂದ ಅವರ ಹೆಂಡತಿ, "ಕಿಟಕಿ ಮುಚ್ಚಿಸಿ, ಅವರ ಮಾತು ಕೇಳ್ಬೇಡಿ" ಅಂದರು. ಹಾಗಾದರೆ ಸ್ಕೂಟರನ್ನು ಎರಡಡಿ ಎಡಕ್ಕೆ ನಿಲ್ಲಿಸಿ ಸಾರ್ ಅಂದು ಬಂದೆ.

ಸಂಜೆ ದೀಪ ಹಚ್ಚಲು ಹೊರಗೆ ಬಂದಾಗ ನೋಡಿದೆ, ಸರಿಸಿದ್ದರು. ಕ್ಯಾಮೆರಾ ಬರುವುದು ಮುಂದಿನ ಭಾನುವಾರ.