ಏಪ್ರಿಲ್‌ನಲ್ಲಿ ಕಬಿನಿಗೆ ಹೋಗುವವರು ಆನೆಗಳಿಗೆ ಸಮಯ ಇಟ್ಟುಕೊಳ್ಳಿ

ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ, ಆ ಸಿಟ್ಟು ಇನ್ನೂ ಇಳಿದಿಲ್ಲ. ಫೋಟೋದಲ್ಲಿ ಕಿಟಕಿಗೆ ತಾಗಿದಂತೆ ಹಿನ್ನೀರು ಇತ್ತು. ಒಂದು ರಾತ್ರಿಗೆ 5,500 ರೂಪಾಯಿ ಕಟ್ಟಿ ಹೋದರೆ, ಕಿಟಕಿಯಾಚೆ ಇದ್ದದ್ದು ಉತ್ತ ಹೊಲ ಮತ್ತು ಒಂದು ನೀರಿನ ಟ್ಯಾಂಕು. ‘ಸಫಾರಿ ಸಮೇತ’ ಎಂದು ಬರೆದಿದ್ದವರು, ಹೋದ ಮೇಲೆ ‘ಟಿಕೆಟ್ ನೀವೇ ಮಾಡಿಸ್ಕೋಬೇಕು, ಗೇಟ್‌ವರೆಗೆ ಬಿಡೋದಷ್ಟೇ ನಮ್ಮದು’ ಅಂದರು. ಹಾಗಾಗಿ ಮೊದಲು ಸಫಾರಿ ಸೀಟು, ಆಮೇಲೆ ರೂಮು. ಸಫಾರಿ ನಡೆಯುತ್ತಿದೆಯಾ ಅಂತಲೂ ಕೇಳಿಕೊಳ್ಳಿ. 2025ರ ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳಿಗಳಾದಾಗ ಬಂದೀಪುರ, ಕಬಿನಿ ಸಫಾರಿ ನಡೆಯುವ ನಾಗರಹೊಳೆ ಎರಡರಲ್ಲೂ ನಿಲ್ಲಿಸಿದ್ದರು. ನಾವು ಹೋಗಿದ್ದು ಅದಕ್ಕೂ ಮುಂಚಿನ ಬೇಸಿಗೆಯಲ್ಲಿ.

ಊಟ ಮಾತ್ರ ಮರೆಯುವ ಹಾಗಿಲ್ಲ. ಅಂತರಸಂತೆ ರಸ್ತೆಯ ಬದಿಯಲ್ಲಿ ಶೀಟು ಹೊದಿಸಿದ ಒಂದು ಸಣ್ಣ ಹೋಟೆಲು. ಬೋರ್ಡು ಕೂಡ ಇಲ್ಲ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಬಿಸಿ ಮುದ್ದೆ, ಹುರುಳಿಕಾಳಿನ ಉಪ್ಸಾರು, ಒರಳಲ್ಲಿ ಅರೆದ ಖಾರ, ಬೆಂದ ಕಾಳಿಗೆ ಒಗ್ಗರಣೆ ಕೊಟ್ಟ ಪಲ್ಯ, ಕೊನೆಗೆ ಅನ್ನ ಮಜ್ಜಿಗೆ. ಎಲ್ಲ ಸೇರಿ 70 ರೂಪಾಯಿ. ನಾನು ಫೋಟೋ ತೆಗೆಯುತ್ತಾ ಕೂತಿದ್ದೆ. ಆಯಮ್ಮ ಬಂದು ‘ಮುದ್ದೆ ಆರೋಗ್ತದೆ, ಉಣ್ಣಿ ಅಣ್ಣ. ಸಾರು ಇನ್ನೊಸಿ ಬುಡ್ಲಾ?’ ಅಂದರು. ಮೂರು ಸಲ ಸಾರು ಹಾಕಿದರು, ದುಡ್ಡು ಜಾಸ್ತಿ ಕೇಳಲಿಲ್ಲ. ಎರಡು ದಿನವೂ ಮಧ್ಯಾಹ್ನ ಅಲ್ಲೇ ಉಂಡೆವು.

ಸಫಾರಿ ಶುರುವಾಗುವ ದಮ್ಮನಕಟ್ಟೆ ಗೇಟಿನಿಂದ ಹೊರಡುವ ಮಿನಿ ಬಸ್ಸಿನ ಸೀಟು ಗಟ್ಟಿ, ಧೂಳು ವಿಪರೀತ. ನನಗೆ ಅದರಿಂದ ಏನೂ ಅನ್ನಿಸಲಿಲ್ಲ. ಸಹಿಸಲು ಕಷ್ಟವಾದದ್ದು ಜನರ ಗಲಾಟೆ. ಎಲ್ಲರ ಬಾಯಲ್ಲೂ ಹುಲಿ, ಕರಿಚಿರತೆ. ನಿಜ ಹೇಳಬೇಕೆಂದರೆ ಬೇಸಿಗೆಯ ಕಬಿನಿ ಆನೆಗಳ ಜಾಗ. ಹಿನ್ನೀರು ಇಳಿದಂತೆ ದಡದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿರುವಾಗ ಬಂದೀಪುರ, ವಯನಾಡು ಕಡೆಯ ಹಿಂಡುಗಳೂ ಇಲ್ಲಿಗೇ ಬರುತ್ತವೆ.

ನಾವು ಕಂಡದ್ದು ಒಂಬತ್ತು ಆನೆಗಳ ಹಿಂಡು. ಎಲ್ಲ ಹೆಣ್ಣಾನೆಗಳು ಮತ್ತು ಮರಿಗಳು. ತೀರಾ ಚಿಕ್ಕ ಮರಿಯೊಂದು ತಾಯಿಯ ಹೊಟ್ಟೆಯಡಿ ನುಗ್ಗಿ ಓಡಾಡುತ್ತಿತ್ತು. ಅಷ್ಟು ಎಳೆಯದಕ್ಕೆ ಸೊಂಡಿಲಲ್ಲಿ ನೀರು ಎಳೆಯಲು ಬರುವುದಿಲ್ಲ, ಬಾಯಿ ಇಟ್ಟೇ ಕುಡಿಯಬೇಕು. ಹಾಗೆ ಬಗ್ಗಲು ಹೋಗಿ ದಡದಿಂದ ಜಾರಿತು. ಕೆಳಗೆ ಬರೀ ಕೆಸರು. ಮುಂಗಾಲು ಎರಡೂ ಹೂತವು. ಒಂದೇ ಸಲ ಕೀರಲು ಕೂಗು.

ದೂರದಲ್ಲಿ ಮೇಯುತ್ತಿದ್ದವೂ ಓಡಿ ಬಂದವು. ತಾಯಿ ಸೊಂಡಿಲು ಸುತ್ತಿ ಎಳೆಯಿತು, ಮರಿ ಮತ್ತೆ ಜಾರಿತು. ಆಗ ಹಿಂಡಿನ ಹಿರಿಯ ಆನೆ ಬಂತು. ಕಿವಿಯಂಚು ಹರಿದು ಮಡಚಿದ್ದ ಮುದಿ ಆನೆ. ಅದು ಮರಿಯನ್ನು ಎಳೆಯಲೇ ಇಲ್ಲ. ಮುಂಗಾಲಿನಿಂದ ದಡದ ಅಂಚನ್ನು ಒದ್ದು ಒದ್ದು ಕೆಡವತೊಡಗಿತು.

ಅಷ್ಟರಲ್ಲಿ ಎದುರು ಬಂದ ಜೀಪಿನವರು ‘ಕೆರೆ ಹತ್ರ ಹುಲಿ’ ಅಂದರು. ಬಸ್ಸಲ್ಲಿ ಅರ್ಧ ಜನ ‘ನಡೀರಿ, ನಡೀರಿ’ ಎಂದು ಶುರು ಮಾಡಿದರು. ‘ಆನೆ ದಸರಾದಲ್ಲೂ ನೋಡ್ತೀವಲ್ಲ’ ಅಂತ ಒಬ್ಬರು. ನಾನು ಐದೇ ನಿಮಿಷ ಎಂದು ಬೇಡಿಕೊಂಡೆ. ಡ್ರೈವರ್ ವಯಸ್ಸಾದವರು. ಇಂಜಿನ್ ಆಫ್ ಮಾಡಿ, ‘ಹುಲಿ ನಾಳೇನೂ ಸಿಗ್ತದೆ ಸಾರ್. ಇದನ್ನ ನಾನೇ ಎರಡನೇ ಸಲ ನೋಡ್ತಿರೋದು’ ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ಅಂಚು ಕುಸಿದು ಇಳಿಜಾರಾಯಿತು. ಇನ್ನೊಂದು ಹೆಣ್ಣಾನೆ ಕೆಸರಿಗಿಳಿದು, ಮೊಣಕಾಲೂರಿ, ಹಣೆಯಿಂದ ಮರಿಯ ಹಿಂಭಾಗವನ್ನು ದೂಡಿತು. ಮರಿ ಮೇಲೆ ಬಂದದ್ದೇ ತಡ, ಎಲ್ಲ ಸುತ್ತ ನಿಂತವು. ಒಂದೊಂದಾಗಿ ಸೊಂಡಿಲ ತುದಿಯನ್ನು ಅದರ ಬಾಯಿಗೆ ತಾಗಿಸಿದವು. ಎದೆಯೊಳಗೆ ನಡುಗುವಂಥ ಗುಡುಗಿನ ಸದ್ದು ಕೇಳುತ್ತಿತ್ತು. ನನ್ನ ಹೆಂಡತಿ ಅಳುತ್ತಿದ್ದಳು, ನಾನೂ.

ಬಸ್ಸು ಹತ್ತುವ ಮುಂಚೆಯೇ ಡ್ರೈವರ್‌ಗೆ ‘ನಮಗೆ ಆನೆ ಸಾಕು, ನಿಧಾನ ಹೋಗಿ’ ಎಂದು ಹೇಳಿಡಿ. ಮೊಬೈಲಿಗಿಂತ ಬೈನಾಕ್ಯುಲರ್ ಒಯ್ಯಿರಿ. ಕೇರಳದಿಂದ ಬಾವಲಿ ದಾರಿಯಲ್ಲಿ ಬರುವವರು ನೆನಪಿಡಿ, ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಮಳೆ ಹಿಡಿದು ಹಿನ್ನೀರು ತುಂಬಿದರೆ ಹಿಂಡುಗಳು ಚದುರುತ್ತವೆ, ಆದ್ದರಿಂದ ಜೂನ್‌ವರೆಗೆ ಕಾಯಬೇಡಿ.

ಮರುದಿನ ಬೆಳಿಗ್ಗೆ ಮತ್ತೆ ಅದೇ ದಾರಿಯಲ್ಲಿ ಹೋದೆವು. ಹಿಂಡು ಇರಲಿಲ್ಲ. ಮುದಿ ಆನೆ ಕೆಡವಿದ ಇಳಿಜಾರು ಹಾಗೇ ಇತ್ತು. ಅಲ್ಲಿ ಎರಡು ಜಿಂಕೆಗಳು ಇಳಿದು ನೀರು ಕುಡಿಯುತ್ತಿದ್ದವು.